ದೋಷ ಎಣಿಸಿದವನ ಕ್ಯಾಮೆರಾ

ಕಡೂರಿನ ಬಸ್‌ಸ್ಟ್ಯಾಂಡಿನ ಎದುರು, ಬೇಕರಿಯ ಮೇಲಿನ ಮಹಡಿಯಲ್ಲಿ ಸ್ಟುಡಿಯೋ ಇಟ್ಟಿರುವ ಶಿವಕುಮಾರನಿಗೆ ಹೊಟ್ಟೆಕಿಚ್ಚು ಅನ್ನುವುದೇ ಇರಲಿಲ್ಲ. ಇದನ್ನು ಅವನೇ ಹೇಳುತ್ತಿದ್ದ. ಯಾರೂ ಕೇಳದಿದ್ದರೂ ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದ. "ನಂಗೆ ಯಾರ್ ಮೇಲೂ ಹೊಟ್ಟೆಕಿಚ್ಚಿಲ್ಲ ಕಣ್ರೀ, ಆದ್ರೆ..." ಎಂದು ಶುರುಮಾಡಿ, ಆ 'ಆದ್ರೆ'ಯ ಬಾಲ ಹಿಡಿದುಕೊಂಡು ನೇರವಾಗಿ ತರೀಕೆರೆಗೆ ಹೋಗಿ ನಿಲ್ಲುತ್ತಿದ್ದ. ತರೀಕೆರೆಯಲ್ಲಿ ಅವನ ದೊಡ್ಡಮ್ಮನ ಮಗ ಕನಕರಾಜುವಿನ ಸ್ಟುಡಿಯೋ ಇತ್ತು.

ಇಬ್ಬರೂ ಹುಟ್ಟಿದ್ದು ಸಿಂಗಟಗೆರೆಯಲ್ಲಿ, ಒಂದೇ ಕೇರಿ, ಒಂದೇ ವರ್ಷ. ಹತ್ತನೇ ಕ್ಲಾಸಿನ ಗಣಿತದಲ್ಲಿ ಶಿವಕುಮಾರ ಡುಮ್ಕಿ ಹೊಡೆದ. ಕನಕರಾಜು ಸರಿಯಾಗಿ ಮೂವತ್ತೈದು ತಗೊಂಡು ಪಾಸಾದ. ಅವನಿಗೆ ಆ ಕೊನೇ ಮಾರ್ಕನ್ನು ದಾನ ಮಾಡಿದ ಮೇಷ್ಟ್ರು ಯಾರು ಎಂದು ಶಿವಕುಮಾರ ಹನ್ನೆರಡು ವರ್ಷದಿಂದ ಹುಡುಕುತ್ತಿದ್ದಾನೆ. ಸಿಕ್ಕಿದ್ದರೆ ಆ ಮೇಷ್ಟ್ರ ಗತಿ ಏನಾಗುತ್ತಿತ್ತೋ ದೇವರಿಗೇ ಗೊತ್ತು.

ಒಂದು ವಿಷಯದಲ್ಲಿ ಮಾತ್ರ ಶಿವಕುಮಾರನೇ ಮೇಲು. ಅದು ಅವನ ಕ್ಯಾಮೆರಾ. ಅದಕ್ಕೆ ಅವನು ಇಟ್ಟಿದ್ದ ಹೆಸರು ಕರಿಯ. ಮುದ್ದೆ ತಪ್ಪಲೆಯಷ್ಟು ದಪ್ಪ, ಮುಂದೆ ಮೊಳಕೈ ಉದ್ದದ ಲೆನ್ಸು, ಒತ್ತಿದರೆ 'ಖಟಾರ್' ಎಂದು ಬಾಗಿಲು ಮುರಿದ ಸದ್ದು. ಕರಿಯನನ್ನು ಹೆಗಲಿಗೇರಿಸಿ ಕಲ್ಯಾಣ ಮಂಟಪ ಹೊಕ್ಕರೆ ಹೆಣ್ಣಿನ ಸೋದರಮಾವನೂ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದ.

ಹೀಗಿರುವಾಗ ಒಂದು ಸೋಮವಾರ ಕನಕರಾಜು ಮೊಬೈಲ್ ಸ್ಟೇಟಸ್ಸಿನಲ್ಲಿ ತನ್ನ ಹೊಸ ಕ್ಯಾಮೆರಾದ ಪಟ ಹಾಕಿದ. ಬೆಳ್ಳಿ ಬಣ್ಣದ ತಲೆ, ಕರೀ ಚರ್ಮದ ಮೈ, ತಲೆಯ ಮೇಲೆ ಅಂಕಿ ಕೊರೆದ ಮೂರು ತಿರುಗಣಿ. ಶಿವಕುಮಾರನ ತಾಯಿ ತಿಮ್ಮಕ್ಕ ಅದನ್ನು ನೋಡಿ ಲೊಚಗುಟ್ಟಿದಳು.

"ಅಯ್ಯೋ ಪಾಪ, ನಮ್ ಮದ್ವೆಲಿ ಫೋಟೋ ಹಿಡ್ದ ಕ್ಯಾಮೆರಾ ಇದ್ದಂಗೈತಲ್ಲೋ! ಎಲ್ಲೋ ಗುಜರಿಲಿ ತಗಂಡವ್ನೆ ಕೂಸು. ಯಾವಾರ ಅಷ್ಟು ಬಿದ್ದೋಯ್ತಾ ಅವುಂಗೆ?"

ಶಿವಕುಮಾರನಿಗೆ ಎಷ್ಟು ಸಂತೋಷವಾಯಿತೆಂದರೆ ಕೆಳಗಿನ ಬೇಕರಿಯಿಂದ ಅಮ್ಮನಿಗೆ ಅರ್ಧ ಕೇಜಿ ಬೆಣ್ಣೆ ಬಿಸ್ಕತ್ತು ತಂದುಕೊಟ್ಟ. ಆ ಸಂತೋಷ ಬಿಸ್ಕತ್ತು ಮುಗಿಯುವವರೆಗೂ ಬಾಳಲಿಲ್ಲ. ಫೋಟೋಗ್ರಾಫರುಗಳ ವಾಟ್ಸಾಪ್ ಗುಂಪಿನಲ್ಲಿ ಒಬ್ಬರ ಹಿಂದೊಬ್ಬರು ಕನಕರಾಜುವಿಗೆ ಶುಭಾಶಯ ಸುರಿಯುತ್ತಿದ್ದರು. ಅದು ಹಳೇದಲ್ಲ, ಹಳೇ ಥರ ಕಾಣುವಂತೆ ಮಾಡಿದ ಹೊಸದು. ಹೊರಗೆ ಅಜ್ಜನ ಕಾಲದ ವೇಷ, ಒಳಗೆ ಕನ್ನಡಿಯೇ ಇಲ್ಲದ ಹೊಸ ಜಾತಿ, ಮಿರರ್‌ಲೆಸ್. ಕರಿಯನಂಥ ಎರಡು ಕೊಟ್ಟರೂ ಬಾರದು.

"ನಂಗೇನ್ ಹೊಟ್ಟೆಕಿಚ್ಚಿಲ್ಲ," ಎಂದು ಶಿವಕುಮಾರ ಉಳಿದ ಬಿಸ್ಕತ್ತನ್ನು ಅಮ್ಮನ ಕೈಯಿಂದ ಕಿತ್ತುಕೊಂಡ. "ಆದ್ರೆ ಅದ್ರಾಗೆ ದೋಷ ಐತೆ. ಇಲ್ದಂಗೆ ಇರಕಿಲ್ಲ."

ಅಂದಿನಿಂದ ನಾಲ್ಕು ದಿನ ಅವನು ಸ್ಟುಡಿಯೋ ಬಾಗಿಲು ಹಾಕಿಕೊಂಡು, ಆ ಕ್ಯಾಮೆರಾದ ಗುಣದೋಷ ಹೇಳುವ ವಿಡಿಯೋ ಒಂದನ್ನೂ ಬಿಡದೆ ನೋಡಿದ. ಗುಣ ಬಂದಾಗ ಓಡಿಸಿದ, ದೋಷ ಬಂದಾಗ ನಿಲ್ಲಿಸಿ ಬರೆದುಕೊಂಡ. ಹತ್ತನೇ ಕ್ಲಾಸಿನಲ್ಲಿ ಹೀಗೆ ಓದಿದ್ದರೆ ಇವತ್ತು ಮೇಷ್ಟ್ರನ್ನು ಹುಡುಕುವ ಪಾಡು ಬರುತ್ತಿರಲಿಲ್ಲ.

ದೋಷ ಉಪಯೋಗಿಸುವ ಅವಕಾಶವೂ ಆ ವಾರವೇ ಬಂತು. ಅಜ್ಜಂಪುರದ ದನದ ವ್ಯಾಪಾರಿ ಬೆನಕಪ್ಪನವರ ಮಗಳು ದೀಪಶ್ರೀಯ ಮದುವೆ ಗೊತ್ತಾಗಿತ್ತು. ಮೂರು ತಾಲ್ಲೂಕಿನ ನೆಂಟರು, ಮಠದ ಸ್ವಾಮಿಗಳು, ಎರಡು ದಿನದ ಊಟ. ಅದರ ಫೋಟೋ ಯಾರು ಹಿಡಿಯುತ್ತಾರೋ ಅವರ ಹೆಸರು ವರ್ಷಪೂರ್ತಿ ಓಡುತ್ತದೆ. ಬೆನಕಪ್ಪ ಇಬ್ಬರಿಗೂ ಫೋನು ಮಾಡಿ, "ಭಾನ್ವಾರ ಬೆಳಿಗ್ಗೆ ನಿಮ್ ನಿಮ್ ಕ್ಯಾಮೆರಾ ಹೊಡ್ಕಂಡು ಬನ್ರಪ್ಪ, ನೋಡಾಣ," ಎಂದರು. ಹೋರಿ ಹೊಡೆದುಕೊಂಡು ಬನ್ನಿ ಎಂದು ಹೇಳಿ ಹೇಳಿ ಅವರ ಬಾಯಿಗೆ ಅದೇ ಬರುತ್ತಿತ್ತು.

ಭಾನುವಾರ ಬೆನಕಪ್ಪನವರ ಜಗಲಿಯ ಮೇಲೆ ಕಂಬಳಿ ಹಾಸಿ ಎರಡೂ ಕ್ಯಾಮೆರಾ ಇಟ್ಟರು. ಒಂದು ಪಕ್ಕದಲ್ಲಿ ಬೆನಕಪ್ಪ. ಇನ್ನೊಂದು ಪಕ್ಕದಲ್ಲಿ ದನದ ದಲ್ಲಾಳಿ ಅಂಜಿನಪ್ಪ. ಅವನು ಹೆಗಲ ಮೇಲೆ ಕೆಂಪು ಟವೆಲ್ ಇಲ್ಲದೆ ಯಾರಿಗೂ ಕಂಡವನಲ್ಲ. ಕಂಬಕ್ಕೆ ಒರಗಿ ಕೂತವರು ತೀರ್ಥಪ್ಪ, ನೋಂದಣಿ ಕಚೇರಿಯ ನಿವೃತ್ತ ಗುಮಾಸ್ತರು, ಏನೇ ಕಂಡರೂ ಪೆನ್ನು ತೆಗೆಯುವವರು.

"ನಮ್ ಶಿವು ಕ್ಯಾಮೆರಾ ಬಲ್ಲೋನು," ಎಂದ ಕನಕರಾಜು ಧಾರಾಳವಾಗಿ. "ಅವ್ನೇ ಹೇಳ್ಲಿ."

"ಹೇಳಪ್ಪ. ಈ ಬೆಳ್ಳಿ ತಲೇದ್ರ ಗುಣ ಏನು, ದೋಷ ಏನು?" ಎಂದರು ಬೆನಕಪ್ಪ.

ಶಿವಕುಮಾರ ಎದ್ದು ನಿಂತ. ಬೆಳ್ಳಿ ತಲೆಯ ಕ್ಯಾಮೆರಾವನ್ನು ಕೈಗೆತ್ತಿಕೊಂಡ, ತಲೆಕೆಳಗು ಮಾಡಿದ, ತಳದ ಮುಚ್ಚಳ ತೆರೆದು ಒಳಗೆ ಇಣುಕಿದ. ದಲ್ಲಾಳಿ ಅಂಜಿನಪ್ಪ ನೆಟ್ಟಗೆ ಕೂತ. ಬಾಯಿ ಬಿಡಿಸಿ ಹಲ್ಲು ನೋಡುವುದು ಅವನಿಗೆ ಗೊತ್ತಿದ್ದ ಕೆಲಸ.

"ಹಿಡಿಯಾಕೆ ಹಿಡಿನೇ ಇಲ್ಲ, ಸೋಪು ಜಾರ್ದಂಗೆ ಜಾರ್ತದೆ!" ಎಂದು ಶಿವಕುಮಾರ ಶುರು ಮಾಡಿದ. "ಬ್ಯಾಟ್ರಿ ನೋಡಿ, ಬೆಂಕಿಪೊಟ್ಣ. ಮೊದಲ್ನೇ ಪಂಕ್ತಿ ಏಳೋದ್ರಾಗೆ ಖಾಲಿ. ಕಾರ್ಡು ಎರಡು ಹಾಕ್ಬೋದು ಅಂತಾರೆ, ಎರಡ್ನೇದು ಉಗುರಿನಷ್ಟು, ತೆಗಿಯಾಕೆ ಹೆಂಗಸ್ರ ಪಿನ್ನು ಬೇಕು. ದೊಡ್ ಲೆನ್ಸ್ ಹಾಕಿದ್ರೆ ಮುಂದಕ್ಕೆ ಮುಗ್ಗರಿಸ್ತದೆ. ಮೂರು ಮೂರು ತಿರುಗಣಿ! ಒಂದು ತಿರುವೋದ್ರಾಗೆ ತಾಳಿ ಕಟ್ಟಾಗಿರ್ತದೆ. ಇದೂ ಒಂದ್ ಕ್ಯಾಮೆರಾನಾ?"

ಬೆನಕಪ್ಪ ಅಂಜಿನಪ್ಪನ ಮುಖ ನೋಡಿದರು. ಅಂಜಿನಪ್ಪ ತೀರ್ಥಪ್ಪನವರ ಮುಖ ನೋಡಿದ. ಮೂವರೂ ತಲೆದೂಗಿದರು. ಶಿವಕುಮಾರನ ಎದೆ ಉಬ್ಬಿತು.

"ಸರಿ, ಅರ್ಥಾಯ್ತು ಬಿಡಪ್ಪ," ಎಂದರು ಬೆನಕಪ್ಪ ಅಕ್ಕರೆಯಿಂದ. "ಮುಂದಿನ್ ಭಾನ್ವಾರ ಬಾ. ಎಲ್ಲಾ ಕುದುರ್ಸಾಣ."

ಅರ್ಥವಾದದ್ದು ಏನು ಎಂಬುದನ್ನು ಇಲ್ಲಿ ಹೇಳಲೇಬೇಕು, ಯಾಕೆಂದರೆ ಶಿವಕುಮಾರನಿಗೆ ಯಾರೂ ಹೇಳಲಿಲ್ಲ. ದನದ ವ್ಯಾಪಾರದಲ್ಲಿ ಹೋರಿ ಬೇಡದವನು ಅದರ ಮುಂದೆ ನಿಲ್ಲುವುದಿಲ್ಲ, ಬೀಡಿ ಹಚ್ಚಿಕೊಂಡು ಮುಂದಕ್ಕೆ ಹೋಗುತ್ತಾನೆ. ಬೇಕಾದವನು ಮಾತ್ರ ಸುತ್ತು ಬರುತ್ತಾನೆ, ಬಾಯಿ ಬಿಡಿಸುತ್ತಾನೆ, ಸುಳಿ ಕೆಟ್ಟದ್ದು, ಗೊರಸು ಸೀಳು, ಕಣ್ಣು ಮೆಳ್ಳೆ ಎಂದು ಬಯ್ಯುತ್ತಾನೆ. ಹೆಚ್ಚು ಬೈದಷ್ಟೂ ಹೆಚ್ಚು ಮನಸಾಗಿದೆ ಎಂದು ಲೆಕ್ಕ. ಅಮೃತಮಹಲ್ ಹೋರಿಗಳ ನಡುವೆ ಕೂದಲು ಬೆಳ್ಳಗಾದ ಆ ಮೂವರು, ಇಷ್ಟು ಸಿಟ್ಟಿನಿಂದ, ಇಷ್ಟು ವಿವರವಾಗಿ ದೋಷ ಎಣಿಸಿದ ಗಿರಾಕಿಯನ್ನು ತಮ್ಮ ಆಯುಸ್ಸಿನಲ್ಲೇ ಕಂಡಿರಲಿಲ್ಲ.

"ಹುಡ್ಗ ಕರಗ್ ಹೋಗವ್ನೆ," ಎಂದ ಅಂಜಿನಪ್ಪ, ಶಿವಕುಮಾರನ ಬೈಕು ತಿರುವು ದಾಟಿದ ಮೇಲೆ.

"ಕೆಳಗಿಡಕ್ಕೇ ಮನಸ್ಸಿರ್ಲಿಲ್ಲ, ನೋಡುದ್ರಾ?" ಎಂದರು ತೀರ್ಥಪ್ಪ.

ಸುದ್ದಿ ಬಸ್ಸಿನಲ್ಲಿ ಹೊರಟು ಶಿವಕುಮಾರನಿಗಿಂತ ಮೊದಲೇ ಕಡೂರು ಸೇರಿತು. ಅವನು ದಾರಿಯಲ್ಲಿ ಎಳನೀರಿಗೆ ನಿಂತಿದ್ದೇ ತಪ್ಪಾಯಿತು. ಮನೆಗೆ ಬಂದರೆ ತಿಮ್ಮಕ್ಕ ಬಾಗಿಲಲ್ಲೇ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು.

"ಲೇ, ಕನಕನ ಕ್ಯಾಮೆರಾ ಮ್ಯಾಲೆ ಕಣ್ಣಾಕಿದ್ದೀಯಂತೆ? ಬೇಕಿದ್ರೆ ಬಾಯ್ಬಿಟ್ಟು ಕೇಳ್ಬಾರ್ದಾ, ಅಣ್ತಮ್ಮಂದಿರಲ್ವಾ?"

"ಯಾರವ್ವ ಹೇಳಿದ್ದು? ಅದು ದರಿದ್ರ ಕ್ಯಾಮೆರಾ ಅಂತ ಮೂರ್ ಜನದ್ ಮುಂದೆ ಹೇಳ್ಬಂದಿದೀನಿ!"

"ಅದೇ ಮತ್ತೆ, ಅದ್ಕೇ ಎಲ್ರೂ ಹೇಳ್ತಿರದು," ಎಂದಳು ಕುರುಬರ ಹಟ್ಟಿಯಲ್ಲಿ ಕುರಿ ಮಾರಿ ಕೊಂಡು ಬೆಳೆದ ತಿಮ್ಮಕ್ಕ. ಅವಳಿಗೆ ಇದರಲ್ಲಿ ಅರ್ಥವಾಗದ್ದೇನೂ ಇರಲಿಲ್ಲ.

ಶಿವಕುಮಾರನಿಗೆ ಒಂದೇ ಕಾರಣ ಹೊಳೆಯಿತು: ತಾನು ಹೇಳಿದ ದೋಷ ಸಾಲದೇ ಹೋಗಿದೆ. ಮಾರನೇ ದಿನವೇ ತರೀಕೆರೆಗೆ ಹೋಗಿ ಕನಕರಾಜುವಿನ ಸ್ಟುಡಿಯೋದಲ್ಲಿ ಕೂತ. ಕರಿಯನನ್ನೂ ಹೆಗಲಲ್ಲೇ ಕರೆದೊಯ್ದಿದ್ದ, ಪಕ್ಕ ಪಕ್ಕ ಇಟ್ಟು ತೋರಿಸಲು.

"ಒಂದ್ಸಲ ಕೊಡು. ಪರೀಕ್ಷೆ ಮಾಡ್ಬೇಕು."

ಕನಕರಾಜು ಕೊಟ್ಟ. ಕೊಡುತ್ತಾ ಅವನ ಕಣ್ಣು ಕರಿಯನ ಮೇಲೆ ನೆಟ್ಟಿತು. "ಅಲ್ಲಿಗಂಟ ನಾನು ಇವನ್ನ ಒಂಚೂರು ಹಿಡ್ಕಳ್ಳಾ?" ಎಂದು ಕೇಳಿ, ಕರಿಯನನ್ನು ಹೆಗಲಿಗೆ ಹಾಕಿಕೊಂಡು ಕನ್ನಡಿಯ ಮುಂದೆ ಹೋಗಿ ನಿಂತ. ಅತ್ತ ತಿರುಗಿದ, ಇತ್ತ ತಿರುಗಿದ. ಶಿವಕುಮಾರ ಅದನ್ನು ಗಮನಿಸಲಿಲ್ಲ. ಅವನು ರಸ್ತೆಗೆ ಇಳಿದು ಹೂ ಮಾರುವ ಮುದುಕಿಯೊಬ್ಬಳ ಪಟ ತೆಗೆದಿದ್ದ, ಕೆಟ್ಟದಾಗಿ ಬರಲಿ ಎಂದು ಹರಸಿ ತೆಗೆದಿದ್ದ. ಬಂದದ್ದು ನೋಡಿದರೆ ಮುದುಕಿಯ ಕಣ್ಣಿನೊಳಗಿನ ನಗು, ಮಲ್ಲಿಗೆ ಮೇಲಿನ ನೀರು, ಹಿಂದಿನ ರಸ್ತೆ ಹಾಲಿನಲ್ಲಿ ಕರಗಿದ ಹಾಗೆ. ಶಿವಕುಮಾರನ ಹೊಟ್ಟೆಯೊಳಗೆ ಯಾರೋ ಬಾಣಲೆ ಇಟ್ಟು ಬ್ಯಾಡಗಿ ಮೆಣಸಿನಕಾಯಿ ಹುರಿದಂತಾಯಿತು. ಇನ್ನೊಂದು ತೆಗೆದ. ಅದು ಇನ್ನೂ ಚೆನ್ನಾಗಿ ಬಂತು. ಸಿಟ್ಟಿಗೆ ಇನ್ನೂರು ತೆಗೆದ. ಕೊನೆಗೆ ಬ್ಯಾಟರಿ ಸತ್ತಾಗ ಗೆದ್ದವನಂತೆ ಕೂಗಿದ: "ನೋಡ್ದಾ! ಹೇಳಿರ್ಲಿಲ್ವಾ, ಬೆಂಕಿಪೊಟ್ಣ!"

ಎದುರಿನ ಟೀ ಅಂಗಡಿಯಲ್ಲಿ ಒಬ್ಬ ಟವೆಲಿನ ಮನುಷ್ಯ ಬನ್ನು ಅದ್ದಿಕೊಂಡು ತಿನ್ನುತ್ತಾ ಇದನ್ನೆಲ್ಲ ನೋಡುತ್ತಿದ್ದ. ಕರು ಕೊಳ್ಳಲು ತರೀಕೆರೆಗೆ ಬಂದಿದ್ದ ಅಂಜಿನಪ್ಪ. ಗಿರಾಕಿ ಎರಡನೇ ಸಲ ಹುಡುಕಿಕೊಂಡು ಬಂದು, ಅರ್ಧ ದಿನ ಮೈದಡವಿ, ಮತ್ತೆ ಬೈದನೆಂದರೆ ಇನ್ನು ತಡಮಾಡುವುದು ದಲ್ಲಾಳಿಗೆ ಭೂಷಣವಲ್ಲ. ಶಿವಕುಮಾರ ಹೋದ ಮೇಲೆ ಅಂಜಿನಪ್ಪ ಕನಕರಾಜುವಿನ ಸ್ಟುಡಿಯೋ ಹತ್ತಿದ.

"ಕೊಡ್ತೀಯೇನಪ್ಪ? ಅವನ್ದು ನಿಂದು ಅದಲು ಬದಲು?"

ಕನಕರಾಜು ಕಣ್ಣಲ್ಲಿ ನೀರು ತಂದುಕೊಂಡ. "ಅಂಜಿನಪ್ಪಣ್ಣ, ಇದನ್ನ ತಗಂಡಾಗ್ಲಿಂದ ಮದ್ವೆ ಮನೇಲಿ ಒಬ್ನೂ ದಾರಿ ಬಿಡ್ತಿಲ್ಲ. ನಿಮ್ ತಾತನ್ ಕ್ಯಾಮೆರಾ ಚೆನ್ನಾಗೈತೆ, ಫೋಟೋದವ್ರು ಯಾವಾಗ್ ಬತ್ತಾರೆ ಅಂತ ನನ್ನೇ ಕೇಳ್ತಾರೆ. ಶಿವು ಕರಿಯನ್ ಇಟ್ಕಂಡು ಬಂದ್ರೆ ಡಿ.ಸಿ. ಬಂದಂಗೆ ಎದ್ ನಿಲ್ತಾರೆ. ನಂಗೇನ್ ಹೊಟ್ಟೆಕಿಚ್ಚಲ್ಲ, ಆದ್ರೆ..."

"ಸಾಕು," ಎಂದ ಅಂಜಿನಪ್ಪ.

ಮುಂದಿನ ಭಾನುವಾರ ಜಗಲಿಯ ಮೇಲೆ ಜನ ಹೆಚ್ಚಿದ್ದರು. ವ್ಯಾಪಾರ ಕುದುರುವುದನ್ನು ನೋಡಲು ಅಜ್ಜಂಪುರದವರಿಗೆ ಯಾವಾಗಲೂ ಬಿಡುವುಂಟು. ಶಿವಕುಮಾರ ಹೊಸ ಶರ್ಟು ಹಾಕಿ ಬಂದಿದ್ದ. ಇವತ್ತು ಮದುವೆಯ ಆರ್ಡರು ತನ್ನ ಕೈಗೆ ಬರುವುದು ಖಂಡಿತ. ಬೆನಕಪ್ಪ ಕೇಳುವ ಮೊದಲೇ ದೋಷದ ಪಟ್ಟಿಯನ್ನು ಮತ್ತೊಮ್ಮೆ ಓದಿದ. ಈ ಸಲ ಹದಿನೇಳು ದೋಷ. ಹದಿನೇಳನೆಯದನ್ನು ಹೇಳುವಾಗ ಆ ಕ್ಯಾಮೆರಾವನ್ನು ಎದೆಗೆ ಅವಚಿ ಹಿಡಿದುಕೊಂಡಿದ್ದ.

"ಅಯ್ಯೋ, ಇನ್ ಸತಾಯಿಸ್ಬ್ಯಾಡ್ರಿ ಹುಡ್ಗುನ್ನ," ಎಂದರು ತೀರ್ಥಪ್ಪ ಮರುಕದಿಂದ.

ಅಂಜಿನಪ್ಪ ಎದ್ದು ಬಂದು ಶಿವಕುಮಾರನ ಬಲಗೈ ಹಿಡಿದು ಅದರ ಮೇಲೆ ಟವೆಲ್ ಹೊದಿಸಿದ. ಬೆರಳ ಭಾಷೆಯಲ್ಲಿ ವ್ಯಾಪಾರ ಮುಗಿಸುವುದು ಈ ಕಡೆಯ ಪದ್ಧತಿ ಎಂದು ಶಿವಕುಮಾರ ಕೇಳಿದ್ದ, ಮಾಡಿರಲಿಲ್ಲ. ಆರ್ಡರನ್ನೂ ಹೀಗೇ ಕೊಡುತ್ತಾರೆ ಎಂದು ಅವನಿಗೆ ರೋಮಾಂಚನವಾಯಿತು. ಅಂಜಿನಪ್ಪ ತೋರುಬೆರಳು ಒತ್ತಿ, "ಇದು?" ಎಂದ. ಒಂದು ಆಲ್ಬಮ್ಮು ಕೇಳುತ್ತಿದ್ದಾರೆ ಅಂದುಕೊಂಡ ಶಿವಕುಮಾರ, "ಹ್ಞೂಂ," ಎಂದ. "ಇದ್ರ ಜೊತಿಗೆ ಇದೂ?" ಎರಡು ಆಲ್ಬಮ್ಮು. "ಹ್ಞೂಂ." "ಇದ್ನೂ ಬಿಟ್ಕೊಡ್ತೀಯಾ?" ಮೂರನೆಯದು ಬೀಗರಿಗಿರಬೇಕು. "ಓಹೋ, ಧಾರಾಳವಾಗಿ!" ಎಂದು ಶಿವಕುಮಾರ ಅಂಜಿನಪ್ಪನ ಐದೂ ಬೆರಳು ಸೇರಿಸಿ ಹಿಂಡಿದ.

ಅಂಜಿನಪ್ಪನೇ ಬೆಚ್ಚಿ ಕೈ ಕೊಡವಿದ. "ಆಯ್ತು! ಎಲೆ ಅಡಿಕೆ ತನ್ನಿ. ಕರಿಯ, ಕರಿಯನ ಮೂರ್ ಕಾಲಿನ್ ಸ್ಟ್ಯಾಂಡು, ಫ್ಲಾಶು, ಮ್ಯಾಲೆ ಹುಡ್ಗ ಐದೂ ಬೆರಳು ಹಿಂಡಿ ಪ್ರೀತಿಯಿಂದ ಕೊಟ್ಟ ಲೈಟು, ಲೈಟಿನ ಛತ್ರಿ, ಎಲ್ಲಾ ಕನಕರಾಜುಂಗೆ. ಬೆಳ್ಳಿ ತಲೇದು ಶಿವಕುಮಾರಂಗೆ!"

ಶಿವಕುಮಾರನ ಬಾಯಿಗೆ ಯಾರೋ ವೀಳ್ಯ ತುರುಕಿದರು. ಅದನ್ನು ಅಗಿಯುತ್ತಲೇ ಅವನು, "ಏನು? ಯಾರಿಗೆ?" ಎಂದ.

ತೀರ್ಥಪ್ಪ ಆಗಲೇ ಕಾಗದ ಓದುತ್ತಿದ್ದರು. "ಸದರಿ ಕ್ಯಾಮೆರಾದ ಚಕ್ಕುಬಂದಿ: ಪೂರ್ವಕ್ಕೆ ಒತ್ತುವ ಗುಂಡಿ, ಪಶ್ಚಿಮಕ್ಕೆ ಬೆಲ್ಟಿನ ಕೊಂಡಿ, ಉತ್ತರಕ್ಕೆ ಮೂರು ತಿರುಗಣಿ, ದಕ್ಷಿಣಕ್ಕೆ ಬ್ಯಾಟರಿ ಬಾಗಿಲು. ಈ ಮಧ್ಯೆ ಇರುವ ಸ್ವತ್ತು ಇಂದಿನಿಂದ ಸಿಂಗಟಗೆರೆ ಚಿಕ್ಕಬೀರಪ್ಪನ ಮಗ ಶಿವಕುಮಾರನ ಖಾತೆಗೆ..."

"ನಂಗೆ ಬ್ಯಾಡ!" ಎಂದು ಚೀರಿದ ಶಿವಕುಮಾರ.

ಬೆನಕಪ್ಪನವರ ಹುಬ್ಬು ಮೇಲೇರಿತು. "ಬ್ಯಾಡ್ವಾ? ಬ್ಯಾಡದ್ ಕ್ಯಾಮೆರಾಗೆ ಹದಿನೇಳ್ ದೋಷ ಯಾಕಪ್ಪ ಎಣಿಸ್ದೆ? ಎರಡೆರಡ್ ಸಲ? ತರೀಕೆರೆಗಂಟ ಹೋಗಿ?"

ಈ ಪ್ರಶ್ನೆಗೆ ಲೋಕದಲ್ಲಿ ಒಂದೇ ಉತ್ತರವಿತ್ತು. ಅದನ್ನು ಶಿವಕುಮಾರ ಇಡೀ ಅಜ್ಜಂಪುರದ ಮುಂದೆ, ಕನಕರಾಜು ಕೇಳುವಂತೆ ಹೇಳಬೇಕಿತ್ತು. ಅವನು ವೀಳ್ಯ ನುಂಗಿದ. ಬೆಳ್ಳಿ ತಲೆಯ ಕ್ಯಾಮೆರಾ ಎತ್ತಿಕೊಂಡ.

"ಇನ್ನು ಆರ್ಡರ್ ಮಾತು," ಎಂದರು ಬೆನಕಪ್ಪ. "ಆ ಕರೀದು ಕನಕರಾಜು ತಾವ ಐತೆ, ಜನ ದಾರಿ ಬಿಡ್ತಾರೆ. ಹದಿನೇಳ್ ದೋಷ ಇರೋದ್ರಾಗೆ ಮಗಳ ಮದ್ವೆ ಹಿಡ್ಸಕ್ಕಾಯ್ತದಾ? ಅದೂ ನೀನೇ ಹೇಳಿರೋದು. ಕನಕರಾಜುನೇ ಹಿಡೀಲಿ."

ಅಷ್ಟರಲ್ಲಿ ಒಳಗಿನಿಂದ ದೀಪಶ್ರೀ ಬಂದಳು. ತರೀಕೆರೆಯ ಗೆಳತಿಯ ಮದುವೆಯಲ್ಲಿ ಆ ಬೆಳ್ಳಿ ತಲೆ ತೆಗೆದ ಪಟಗಳನ್ನು ಅವಳು ನೋಡಿದ್ದಳು.

"ಅಪ್ಪಾಜಿ, ಮದ್ವೆ ನಂದು. ಆ 'ಖಟಾರ್' ಅನ್ನೋದು ಬೇಡ, ಸ್ವಾಮಿಗಳು ಬೆಚ್ಚಿ ಬೀಳ್ತಾರೆ. ಈ ಬೆಳ್ಳಿ ಕ್ಯಾಮೆರಾದಲ್ಲೇ ಆಗ್ಬೇಕು, ಅದು ಯಾರ ಹತ್ರ ಇದ್ರೂ ಸರಿ."

"ಅದ್ರಾಗೆ ದೋಷ ಐತಂತಲ್ಲವ್ವ?"

"ದೋಷನಾ? ಎಲ್ಲೈತ್ರೀ ದೋಷ?" ಎಂದು ಶಿವಕುಮಾರ ನೆಗೆದು ಮಧ್ಯಕ್ಕೆ ಬಂದ. ಓಡಿಸಿ ನೋಡಿದ್ದ ಗುಣಗಳೆಲ್ಲ ಈಗ ನೆನಪಿಗೆ ನುಗ್ಗಿದವು. "ಹಗುರ! ಎರಡ್ ದಿನ ಹಿಡಿದ್ರೂ ಕೈ ನೋಯಕಿಲ್ಲ. ಸದ್ದಿಲ್ಲ. ಮಬ್ಬು ಬೆಳಕಲ್ಲೂ ಕಣ್ಣು ಹುಡ್ಕಿ ಹಿಡೀತದೆ. ಈ ಕಡ್ಡಿ ಸರಿಸಿದ್ರೆ ಕಪ್ಪು ಬಿಳುಪು. ತಿರುಗಣಿ ಇರೋದ್ರಿಂದ ಕಣ್ಮುಚ್ಕಂಡು ತಿರುವ್ಬೋದು. ಇಂಥಾ ಕ್ಯಾಮೆರಾ ಇಡೀ ಜಿಲ್ಲೆಲಿಲ್ಲ!"

ಅಂಜಿನಪ್ಪನ ದವಡೆ ಕಳಚಿತು. "ತಗಂಡು ಒಂದ್ ಗಳಿಗೆ ಆಗಿಲ್ಲ, ಆಗ್ಲೇ ಮಾರಕ್ ಹೊಂಟ್ಬಿಟ್ನಲ್ಲಪ್ಪ!" ಎಂದು ಟವೆಲ್ ಕೊಡವಿದ. ತೀರ್ಥಪ್ಪ ಹೊಸ ಹಾಳೆ ತೆಗೆದರು. ಹಿಂದೆ ನಿಂತಿದ್ದ ಯಗಟಿ ಊರಿನವನೊಬ್ಬ, "ನಂಗ್ ಕೊಡ್ಸಿ, ನನ್ ಅಳಿಯಂಗ್ ಬೇಕು," ಎಂದು ಕೈ ನೀಡಿಯೇ ಬಿಟ್ಟ.

ಶಿವಕುಮಾರನಿಗೆ ಆಗ ಮೊದಲ ಸಲ ವ್ಯಾಪಾರದ ವ್ಯಾಕರಣ ಹೊಳೆಯಿತು. ಬೈದರೆ ಕೊಂಡಂತೆ, ಹೊಗಳಿದರೆ ಮಾರಿದಂತೆ. ಎರಡೂ ಕೈಯನ್ನು ಪ್ಯಾಂಟಿನ ಜೇಬಿಗೆ ತುರುಕಿಕೊಂಡು ತುಟಿ ಬಿಗಿದ. ಬೆನಕಪ್ಪ ಆರ್ಡರು ಅವನಿಗೇ ಎಂದು ಹೇಳಿದಾಗಲೂ ತಲೆಯಾಡಿಸಿದನೇ ಹೊರತು ಬಾಯಿ ಬಿಡಲಿಲ್ಲ.

ಮದುವೆಯ ದಿನ ಬಂತು. ಕಲ್ಯಾಣ ಮಂಟಪದ ಬಾಗಿಲಲ್ಲೇ ಶಿವಕುಮಾರನ ಹೊಟ್ಟೆಯೊಳಗಿನ ಬಾಣಲೆ ಮತ್ತೆ ಕಾಯಿತು. ಕನಕರಾಜು ಬರೀ ಊಟಕ್ಕೆ ಬಂದಿದ್ದ. ಆದರೂ ಕರಿಯನನ್ನು ಹೆಗಲಿಗೆ ಹಾಕಿಕೊಂಡು ಬಂದಿದ್ದ. ಜನ ಎರಡು ಭಾಗವಾಗಿ ದಾರಿ ಬಿಟ್ಟರು. ವರನ ಅಜ್ಜಿ ಸೆರಗು ಸರಿಮಾಡಿಕೊಂಡು ಅವನ ಎದುರು ನಿಂತಳು. ಯಾರೋ ಅವನಿಗೆ ಬಾದಾಮಿ ಹಾಲು ತಂದುಕೊಟ್ಟರು. ಶಿವಕುಮಾರ ವೇದಿಕೆ ಹತ್ತಲು ಹೋದರೆ ರೇಷ್ಮೆ ಸೀರೆಯ ಹೆಂಗಸೊಬ್ಬಳು ಮೊಳಕೈಯಿಂದ ತಿವಿದಳು.

"ಏ ತಮ್ಮ, ನಿಮ್ ತಾತನ್ ಕ್ಯಾಮೆರಾ ಆಮೇಲ್ ತೋರ್ಸೀಯಂತೆ. ಪಕ್ಕಕ್ಕೆ ಬಾ, ಫೋಟೋದವ್ರಿಗೆ ಅಡ್ಡ ಆಯ್ತದೆ!"

ಫೋಟೋದವರು ಎಂದರೆ ಹಾಲು ಕುಡಿಯುತ್ತಿದ್ದ ಕನಕರಾಜು. ವರ ತಾಳಿ ಎತ್ತಿದ. ವಾಲಗ ಗಟ್ಟಿಯಾಯಿತು. ರೇಷ್ಮೆ ಸೀರೆ ಸರಿಯಲಿಲ್ಲ. ಹದಿನೈದು ದಿನದಿಂದ ಬಿಗಿದಿದ್ದ ಶಿವಕುಮಾರನ ತುಟಿ ಒಡೆಯಿತು.

"ಲೇ ಕನಕಾ! ನನ್ ಕರಿಯನ್ನ ಕೊಡೋ! ಹೊಟ್ಟೆಕಿಚ್ಚು ಕಣೋ ನಂಗೆ! ಹತ್ತನೇ ಕ್ಲಾಸಿಂದ ಹೊಟ್ಟೆಕಿಚ್ಚು!"

ವಾಲಗದವನು ಉಸಿರು ನಿಲ್ಲಿಸಿದ ಗಳಿಗೆಯಲ್ಲೇ ಈ ಮಾತು ಇಡೀ ಮಂಟಪಕ್ಕೆ ಕೇಳಿಸಿತು. ಎಲ್ಲರೂ ಒಟ್ಟಿಗೆ ಇತ್ತ ತಿರುಗಿದರು. ರೇಷ್ಮೆ ಸೀರೆಯವಳು ಬೆಚ್ಚಿ ಒಂದು ಹೆಜ್ಜೆ ಸರಿದಳು. ಬೆಳ್ಳಿ ತಲೆ ಎತ್ತಿ ಹಿಡಿದಿದ್ದ ಕೈಯಲ್ಲೇ ಶಿವಕುಮಾರ ಗುಂಡಿ ಒತ್ತಿದ. ಸದ್ದೇ ಆಗಲಿಲ್ಲ.

ಆ ಪಟ ಈಗ ಬೆನಕಪ್ಪನವರ ನಡುಮನೆಯಲ್ಲಿ ಬಾಗಿಲಷ್ಟು ದೊಡ್ಡದಾಗಿ ನಿಂತಿದೆ. ತಾಳಿ ಹಿಡಿದ ವರ ನಗುತ್ತಿದ್ದಾನೆ. ದೀಪಶ್ರೀ ತಲೆ ಹಿಂದಕ್ಕೆ ಹಾಕಿ ನಗುತ್ತಿದ್ದಾಳೆ. ಸ್ವಾಮಿಗಳು ಶಾಲಿನಿಂದ ಬಾಯಿ ಮುಚ್ಚಿಕೊಂಡಿದ್ದಾರೆ, ಕಣ್ಣು ಮುಚ್ಚಿಕೊಂಡಿಲ್ಲ. ನೂರು ಮುಖ ನಗುವ ನಡುವೆ ಕನಕರಾಜು ಒಬ್ಬನೇ ಬಾದಾಮಿ ಹಾಲು ನೆತ್ತಿಗೇರಿ ಕೆಮ್ಮುತ್ತಿದ್ದಾನೆ. ಬಂದವರೆಲ್ಲ ಅದರ ಮುಂದೆ ನಿಲ್ಲುತ್ತಾರೆ, ನಕ್ಕು ಕಣ್ಣೊರೆಸಿಕೊಳ್ಳುತ್ತಾರೆ, ಒಬ್ಬರೂ ತಪ್ಪದೆ ಒಂದೇ ಮಾತು ಹೇಳುತ್ತಾರೆ: "ಏನ್ ಕ್ಯಾಮೆರಾ ಕಣ್ರೀ ಅದು!"

ಆಲ್ಬಮ್ಮು ಕೊಡಲು ಹೋಗಿದ್ದ ಶಿವಕುಮಾರ ಒಂದೇ ಮಧ್ಯಾಹ್ನದಲ್ಲಿ ಆ ಮಾತನ್ನು ಒಂಬತ್ತು ಸಲ ಕೇಳಿದ. ಹತ್ತನೆಯ ಸಲಕ್ಕೆ ಕತ್ತಿನಲ್ಲಿ ನೇತಾಡುತ್ತಿದ್ದ ಬೆಳ್ಳಿ ತಲೆಯನ್ನು ಬಗ್ಗಿ ದುರುಗುಟ್ಟಿ ನೋಡಿದ. ಪಟ ಹಿಡಿದದ್ದು ಅವನು, ಹೆಸರು ಬಂದದ್ದು ಈ ಕ್ಯಾಮೆರಾಕ್ಕೆ. ಇನ್ನು ಕನಕರಾಜುವಿನ ಮೇಲೆ ಅವನಿಗೆ ನಿಜವಾಗಿಯೂ ಹೊಟ್ಟೆಕಿಚ್ಚು ಉಳಿದಿರಲಿಲ್ಲ.